ಇವತ್ತೂ ಸೆಕೆ ಜೋರಿರುತ್ತೆ

ಬೆಳಗಿನ ಜಾವ ಹೆಂಡತಿ ತೀರಿಕೊಂಡಿದ್ದಾಳೆ. ಮನೆಯೊಳಗೆ ಮಕ್ಕಳು ಸುತ್ತ ಕೂತಿದ್ದಾರೆ. ಯಜಮಾನರು ಮಾತ್ರ ಕಾಣಿಸುತ್ತಿಲ್ಲ. ಸೊಸೆ ಹುಡುಕಿಕೊಂಡು ಹೊರಗೆ ಬಂದರೆ, ದೂರದಲ್ಲಿ ಸಮುದ್ರ ಕಾಣುವ ಕಡೆ ಒಬ್ಬರೇ ನಿಂತಿದ್ದಾರೆ. ಓಸಾಕಾದಿಂದ ಕೊನೇ ಮಗ ಬಂದಿದ್ದಾನೆ ಅಂತ ಅವಳು ಹೇಳುತ್ತಾಳೆ. ಅವರು ಹೂಂಗುಟ್ಟಿ, ಸೂರ್ಯೋದಯ ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆ ಜೋರಿರುತ್ತೆ ಅಂತಾರೆ. ಆಮೇಲೆ ಮನೆ ಕಡೆ ತಿರುಗುತ್ತಾರೆ.

ಇದು ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ‘ಟೋಕಿಯೋ ಸ್ಟೋರಿ’. 1953ರ ಸಿನಿಮಾ. 2012ರಲ್ಲಿ ಒಂದು ಬ್ರಿಟಿಷ್ ಪತ್ರಿಕೆ ಜಗತ್ತಿನ ನಿರ್ದೇಶಕರನ್ನೆಲ್ಲ ಕೇಳಿದಾಗ, ಇದೇ ಎಲ್ಲಕ್ಕಿಂತ ಒಳ್ಳೆಯ ಸಿನಿಮಾ ಅಂತ ಮೊದಲ ಸ್ಥಾನ ಕೊಟ್ಟರು. ಅಂಥ ಪಟ್ಟಿಗಳ ಮೇಲೆ ನನಗೇನೂ ಭಕ್ತಿ ಇಲ್ಲ. ನಾನು ಈ ಸಿನಿಮಾಕ್ಕೆ ಸೋತದ್ದು ಆ ಸೆಕೆಯ ಮಾತಿಗೆ. ಬೇರೆ ಯಾರಾದರೂ ತೆಗೆದಿದ್ದರೆ ಅಲ್ಲಿ ಒಂದು ಪುಟ ಡೈಲಾಗ್ ಇರುತ್ತಿತ್ತು, ಹಿಂದೆ ಪಿಟೀಲು ಕೊಯ್ಯುತ್ತಿತ್ತು, ಫ್ಲ್ಯಾಶ್‌ಬ್ಯಾಕಿನಲ್ಲಿ ಮದುವೆಯ ದಿನವೂ ಬಂದು ಹೋಗುತ್ತಿತ್ತು. ಓಜು ಅವರ ಯಜಮಾನರು ಹವಾಮಾನ ವರದಿ ಕೊಟ್ಟು ಒಳಗೆ ಹೋಗುತ್ತಾರೆ. ನೋಡುತ್ತಾ ಕೂತ ನಮಗೆ ಗಂಟಲು ಕಟ್ಟುತ್ತದೆ.

ಓಜು ಸಿನಿಮಾಗಳಲ್ಲಿ ಜನ ಹವಾಮಾನದ ಬಗ್ಗೆ ಮಾತಾಡುವಷ್ಟು ಇನ್ಯಾರ ಸಿನಿಮಾದಲ್ಲೂ ಮಾತಾಡಲ್ಲ ಅಂತ ನನ್ನ ಅನುಮಾನ. ‘ಲೇಟ್ ಸ್ಪ್ರಿಂಗ್’, ‘ಅರ್ಲಿ ಸಮ್ಮರ್’, ‘ಲೇಟ್ ಆಟಮ್’ ಅಂತ ಹೆಸರಿನಲ್ಲೇ ಋತು ಹೊತ್ತುಕೊಂಡು ಬರುತ್ತವೆ. ಒಳಗೆ ಹೋದರೆ ಒಳ್ಳೆ ಬಿಸಿಲು, ಎಂಥಾ ಸೆಕೆ, ಇನ್ನು ತಣ್ಣಗಾಗುತ್ತೆ, ಹೀಗೇ. ತಮಾಷೆ ಏನೆಂದರೆ ಅಷ್ಟೊಂದು ಮಾತಾಡುವಂಥ ಹವಾ ಅಲ್ಲಿ ಇರುವುದೇ ಇಲ್ಲ. ಹೆಚ್ಚುಕಮ್ಮಿ ಎಲ್ಲಾ ದಿನವೂ ಆಕಾಶ ಸ್ವಚ್ಛ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತವೆ. ಓಜು ಸಿನಿಮಾದಲ್ಲಿ ಮಳೆ ಅಪರೂಪ. 1959ರ ‘ಫ್ಲೋಟಿಂಗ್ ವೀಡ್ಸ್’ನಲ್ಲಿ ಮಾತ್ರ ಧೋ ಎಂದು ಸುರಿಯುತ್ತದೆ. ನಾಟಕ ಕಂಪನಿಯ ಮಾಲೀಕ ರಸ್ತೆಯ ಈ ಬದಿಯ ಸೂರಿನ ಕೆಳಗೆ, ಅವನ ಜೊತೆಯ ನಟಿ ಆ ಬದಿಯ ಸೂರಿನ ಕೆಳಗೆ. ನಡುವೆ ಮಳೆ. ಇಬ್ಬರೂ ಬಾಯಿಗೆ ಬಂದಂತೆ ಬೈದಾಡುತ್ತಾರೆ. ನಿಜವಾಗಿ ಮಳೆ ಬರುವಾಗ ಮಳೆಯ ಬಗ್ಗೆ ಯಾರೂ ಮಾತಾಡಲ್ಲ, ನೋಡಿ.

ಈ ಸುಮ್‌ಸುಮ್ನೆ ಮಾತುಗಳ ಮೇಲೆ ಓಜು ಒಂದು ಇಡೀ ಸಿನಿಮಾ ಮಾಡಿದ್ದಾರೆ. ಅದೂ 1959ರದ್ದೇ, ‘ಗುಡ್ ಮಾರ್ನಿಂಗ್’. ಟೋಕಿಯೋದ ಹೊರವಲಯ, ನದಿ ದಂಡೆಯ ಏರಿ, ಅದರ ಕೆಳಗೆ ಒಂದಕ್ಕೊಂದು ಅಂಟಿದಂತೆ ಒಂದೇ ಥರದ ಪುಟ್ಟ ಮನೆಗಳು. ಒಬ್ಬರ ಮನೆ ಬಾಗಿಲು ಸರಿಸಿದರೆ ಇನ್ನೊಬ್ಬರ ಅಡುಗೆಮನೆ ಕಾಣುತ್ತದೆ. ಹಾಗಾಗಿ ಮಹಿಳಾ ಸಂಘದ ಚಂದಾ ಯಾರು ಕೊಟ್ಟರು, ಯಾರು ನುಂಗಿದರು, ಯಾರ ಮನೆಗೆ ವಾಷಿಂಗ್ ಮಷೀನ್ ಬಂತು ಎಲ್ಲವೂ ಎಲ್ಲರಿಗೂ ಗೊತ್ತು. ಅರ್ಧ ಗೊತ್ತು ಅನ್ನುವುದೇ ಸರಿ. ಜಗಳ ಹುಟ್ಟುವುದು ಆ ಉಳಿದರ್ಧದಿಂದ.

ಅಲ್ಲಿ ಇಬ್ಬರು ಅಣ್ಣತಮ್ಮಂದಿರು, ಮಿನೋರು ಮತ್ತು ಇಸಾಮು. ಅವರಿಗೆ ಸುಮೋ ಕುಸ್ತಿ ನೋಡಲು ಟೀವಿ ಬೇಕು. ಹಟ ಮಾಡುತ್ತಾರೆ. ಅಪ್ಪ ರೇಗಿ, ಜಾಸ್ತಿ ಮಾತಾಡ್ತೀರಿ, ಬಾಯಿ ಮುಚ್ಚಿ ಅಂತಾನೆ. ದೊಡ್ಡವನು ತಿರುಗಿ ಬೀಳುತ್ತಾನೆ. ಬೇಡದ ಮಾತು ಜಾಸ್ತಿ ಆಡೋರು ನೀವು ದೊಡ್ಡವರೇ. ಗುಡ್ ಮಾರ್ನಿಂಗ್, ಗುಡ್ ಈವ್ನಿಂಗ್, ಒಳ್ಳೆ ಹವಾ, ಹೌದಲ್ವಾ, ಎಲ್ಲಿಗೆ ಹೊರಟ್ರಿ, ಇಲ್ಲೇ ಒಂಚೂರು, ಓ ಹಾಗಾ. ಇದರಿಂದ ಯಾರಿಗೆ ಏನು ಉಪಯೋಗ? ಇದನ್ನು ಮೊದಲು ಕೇಳಿದಾಗ ನನಗೆ ನಮ್ಮ ಬೀದಿಯೇ ನೆನಪಾಯಿತು. ಊಟ ಆಯ್ತಾ ಅಂತ ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಎಲ್ಲಿಗೆ ಸವಾರಿ ಅಂದರೆ, ಹೀಗೇ ಸುಮ್ನೆ ಅಂದರೆ ಸಾಕು. ಇನ್ನೂ ವಿವರ ಕೊಟ್ಟರೆ ಕೇಳಿದವರಿಗೇ ಮುಜುಗರ.

ಅವತ್ತಿನಿಂದ ಹುಡುಗರು ಮೌನವ್ರತ ಹಿಡಿಯುತ್ತಾರೆ. ಮನೆಯಲ್ಲಿ ಮಾತಿಲ್ಲ, ಶಾಲೆಯಲ್ಲಿ ಮಾತಿಲ್ಲ. ಶಾಲೆಗೆ ಊಟದ ದುಡ್ಡು ಕಟ್ಟಬೇಕು, ಬಾಯಿಬಿಟ್ಟು ಕೇಳುವಂತಿಲ್ಲ. ಕೈಬಾಯಿ ಸನ್ನೆ ಮಾಡಿ ಒದ್ದಾಡುತ್ತಾರೆ, ದೊಡ್ಡವರಿಗೆ ಒಂದೂ ತಿಳಿಯಲ್ಲ. ಅಷ್ಟಕ್ಕೇ ನಿಂತಿದ್ದರೆ ಇದು ಮಕ್ಕಳ ಸಿನಿಮಾ ಆಗುತ್ತಿತ್ತು. ಹಾದಿಯಲ್ಲಿ ಪಕ್ಕದ ಮನೆಯಾಕೆ ಗುಡ್ ಮಾರ್ನಿಂಗ್ ಅಂದಾಗಲೂ ಹುಡುಗರು ತುಟಿ ಬಿಚ್ಚಲ್ಲ. ಆಕೆ ಅಲ್ಲೇ ತೀರ್ಮಾನಕ್ಕೆ ಬಂದುಬಿಡುತ್ತಾಳೆ: ಇದು ಆ ತಾಯಿ ಹೇಳಿಕೊಟ್ಟದ್ದೇ, ಚಂದಾ ವಿಷಯದ ಸಿಟ್ಟು ಇನ್ನೂ ಇಳಿದಿಲ್ಲ. ಬೀದಿಯಿಡೀ ಗುಸುಗುಸು. ಒಂದು ಗುಡ್ ಮಾರ್ನಿಂಗ್ ತಪ್ಪಿದ್ದಕ್ಕೆ ಅಷ್ಟೂ ಮನೆಗಳ ನಡುವಿನ ಸಂಬಂಧ ಅಲ್ಲಾಡುತ್ತದೆ.

ಅದೇ ಸಿನಿಮಾದಲ್ಲಿ ಹುಡುಗರ ಚಿಕ್ಕಮ್ಮ ಇದ್ದಾಳೆ. ಅವರಿಗೆ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರೂ ಇದ್ದಾನೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸು. ಯಾವಾಗಲೂ ಬರೀ ಹವಾ ಬಗ್ಗೆ ಮಾತಾಡ್ತೀಯ, ಮುಖ್ಯವಾದದ್ದನ್ನು ಹೇಳೋದೇ ಇಲ್ಲ ಅಂತ ಮೇಷ್ಟ್ರ ಅಕ್ಕ ಅವನನ್ನು ಛೇಡಿಸುತ್ತಾಳೆ. ಕೊನೆಯಲ್ಲಿ ಇಬ್ಬರೂ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಾರೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ನಾವು ಕಾಯುತ್ತೇವೆ. ಒಳ್ಳೆ ಹವಾ ಅಂತಾನೆ. ಹೌದು, ಒಳ್ಳೆ ಹವಾ ಅಂತಾಳೆ. ಇನ್ನೆರಡು ಮೂರು ದಿನ ಹೀಗೇ ಇರುತ್ತೆ ಅನ್ನಿಸುತ್ತೆ. ಹೌದು, ಇರುತ್ತೆ ಅನ್ನಿಸುತ್ತೆ. ಆ ಮೋಡ ನೋಡಿ, ಏನೋ ಒಂಥರಾ ಆಕಾರ. ಹೌದು, ಯಾವುದರದೋ ಥರ ಇದೆ. ಮುಗೀತು. ನನ್ನ ಮಟ್ಟಿಗೆ ಇದಕ್ಕಿಂತ ಚಂದದ ಪ್ರೇಮ ನಿವೇದನೆ ಸಿನಿಮಾದಲ್ಲಿ ಬಂದಿಲ್ಲ. ಅವರು ಯಾವ ಮಾತು ಆಡುತ್ತಿದ್ದಾರೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಮೋಡ ಪಾಪ, ನೆಪಕ್ಕೆ ಸಿಕ್ಕಿದ್ದು.

ಈ ಮಾತುಗಳೆಲ್ಲ ಹಾಗೇ ಬಾಯಿಗೆ ಬಂದವು ಅಂದುಕೊಳ್ಳಬೇಡಿ. ಓಜು ಮತ್ತು ಅವರ ಜೊತೆಗಾರ ಕೋಗೊ ನೋಡಾ ತಿಂಗಳುಗಟ್ಟಲೆ ಒಟ್ಟಿಗೆ ಕೂತು ಚಿತ್ರಕಥೆ ಬರೆಯುತ್ತಿದ್ದರು. ಮೊದಲು ಚಿಗಸಾಕಿಯ ಒಂದು ಹಳೇ ವಸತಿಗೃಹದಲ್ಲಿ, ಆಮೇಲೆ ತತೆಶಿನಾದ ಬೆಟ್ಟದ ಮನೆಯಲ್ಲಿ. ಜೊತೆಗೆ ‘ಸಾಕೆ’ ಅನ್ನುವ ಅಕ್ಕಿಯ ಮದ್ಯ ಧಾರಾಳ. ಬರೆದು ಮುಗಿದ ಮೇಲೆ ನಟರು ಒಂದು ಅಕ್ಷರ ಆಚೀಚೆ ಮಾಡುವಂತಿರಲಿಲ್ಲ. ಬಟ್ಟಲು ಎಷ್ಟೆತ್ತರಕ್ಕೆ ಎತ್ತಬೇಕು, ಕತ್ತು ಯಾವಾಗ ತಿರುಗಿಸಬೇಕು ಎಲ್ಲ ಅಳತೆ. ಕ್ಯಾಮೆರಾ ನೆಲಕ್ಕೆ ಹತ್ತಿರ, ಲೆನ್ಸ್ ಹೆಚ್ಚಾಗಿ 50 ಎಂಎಂ, ಅಲುಗಾಟ ಇಲ್ಲವೇ ಇಲ್ಲ ಅನ್ನಬೇಕು. ಚಾಪೆಯ ಮೇಲೆ ಕೂತವರ ನಡುವೆ ನಾವೂ ಕೂತ ಹಾಗೆ. ಇದರ ಬಗ್ಗೆ ಪಂಡಿತರು ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದೇನಿಲ್ಲ. ನೆಲದ ಮೇಲೆ ಕೂತು ಉಂಡು ಬೆಳೆದವರಿಗೆ ಅದನ್ನು ವಿವರಿಸುವ ಅಗತ್ಯವೂ ಇಲ್ಲ.

ಮತ್ತೆ ‘ಟೋಕಿಯೋ ಸ್ಟೋರಿ’ಗೇ ಬರುತ್ತೇನೆ. ಸಿನಿಮಾ ಶುರುವಾಗುವುದು ಒನೊಮಿಚಿ ಎಂಬ ಬಂದರಿನ ಊರಲ್ಲಿ, ಗಂಡಹೆಂಡತಿ ಟೋಕಿಯೋಗೆ ಹೊರಡಲು ಸಾಮಾನು ಕಟ್ಟುತ್ತಿರುವಾಗ. ಗಾಳಿ ತುಂಬುವ ದಿಂಬು ಎಲ್ಲಿ ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ. ನಿನ್ನ ಹತ್ತಿರ ಇದೆ ನೋಡು ಅಂತಾರೆ ಯಜಮಾನರು. ನನ್ನ ಹತ್ತಿರ ಇಲ್ಲ, ನಿಮಗೇ ಕೊಟ್ಟೆನಲ್ಲ ಅಂತಾರೆ ಅವರು. ಯಜಮಾನರು ಒಪ್ಪಲ್ಲ. ಸ್ವಲ್ಪ ಹೊತ್ತಿಗೆ ತಮ್ಮ ಚೀಲದಲ್ಲೇ ಸಿಗುತ್ತದೆ. ಕ್ಷಮೆ ಕೇಳುವುದಿಲ್ಲ, ಹಾಂ, ಸಿಕ್ಕಿತು ಅಂತಾರೆ ಅಷ್ಟೇ. ಆಕೆಯೂ ಹಂಗಿಸುವುದಿಲ್ಲ. ಎಷ್ಟು ವರ್ಷದ ಸಂಸಾರ ಅಂತ ಬೇರೆ ಹೇಳಬೇಕಾ?

ಟೋಕಿಯೋದಲ್ಲಿ ಮಕ್ಕಳಿಗೆ ಪುರುಸೊತ್ತಿಲ್ಲ. ದೊಡ್ಡ ಮಗ ಬಡಾವಣೆಯ ಡಾಕ್ಟರು, ಮಗಳು ಶಿಗೆ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ದುಡ್ಡು ಕೊಟ್ಟು ಅಪ್ಪ ಅಮ್ಮನನ್ನು ಅತಾಮಿಯ ಬಿಸಿನೀರ ಬುಗ್ಗೆಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯಿಡೀ ಹುಡುಗರ ಗಲಾಟೆ, ಹಾಡು, ಮಾಜಾಂಗ್ ಆಟ. ಇವರಿಗೆ ನಿದ್ದೆ ಇಲ್ಲ. ಬೆಳಗ್ಗೆ ಸಮುದ್ರದ ಕಟ್ಟೆಯ ಮೇಲೆ ಇಬ್ಬರೂ ಒಂದೇ ಥರದ ಬಟ್ಟೆಯಲ್ಲಿ ಕೂತಿರುತ್ತಾರೆ. ಹೋಗೋಣ ಮನೆಗೆ ಅಂತಾರೆ ಯಜಮಾನರು. ನಿಮಗೆ ಊರ ನೆನಪಾಯಿತು ಅಂತಾರೆ ಆಕೆ. ನಿನಗೇ ಆಗಿರೋದು ಅಂತಾರೆ ಇವರು. ದಿಂಬಿನ ಜಗಳವೇ ಇದು, ಊರು ಬದಲಾಗಿದೆ ಅಷ್ಟೇ.

ಈ ಕತೆ ಹೇಳಿದರೆ ನಮ್ಮವರು ತಕ್ಷಣ, ಪಾಪ, ಎಂಥಾ ಮಕ್ಕಳು ಅಂತಾರೆ. ಈ ಓದು ನನಗೆ ಒಪ್ಪಿಗೆ ಇಲ್ಲ. ಶಿಗೆಯನ್ನೇ ತಗೊಳ್ಳಿ. ಗಂಡ ಅತ್ತೆ ಮಾವನಿಗೆ ಅಂತ ಕೇಕ್ ತಂದರೆ, ಇಷ್ಟು ದುಬಾರಿಯದ್ದು ಯಾಕೆ ತಂದಿರಿ ಅಂತ ಗದರಿ ತಾನೇ ತಿನ್ನುತ್ತಾಳೆ. ಅವರು ಯಾರು ಅಂತ ಪಾರ್ಲರಿಗೆ ಬಂದವರು ಕೇಳಿದರೆ, ಊರ ಕಡೆಯ ಪರಿಚಯದವರು ಅಂತಾಳೆ. ಅಮ್ಮನಿಗೆ ಸೀರಿಯಸ್ ಅಂತ ತಂತಿ ಬಂದಾಗ ಸೂತಕದ ಬಟ್ಟೆಯನ್ನೂ ಜೊತೆಗಿಟ್ಟುಕೊಂಡು ಹೊರಡುತ್ತಾಳೆ. ಎಲ್ಲ ಮುಗಿದು ಊಟಕ್ಕೆ ಕೂತಾಗ ಅಮ್ಮನ ಕಿಮೋನೊ ನನಗಿರಲಿ ಅಂತಾಳೆ. ಆದರೆ ಅಮ್ಮ ಹೋದಾಗ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅಳುವವಳೂ ಅವಳೇ. ಆ ಅಳುವಿನಲ್ಲಿ ಕಪಟ ಇಲ್ಲ. ಇಂಥ ಅಕ್ಕ ಎಲ್ಲರ ಮನೆಯಲ್ಲೂ ಇರುತ್ತಾಳೆ. ತಿಥಿಯ ಅಡುಗೆ, ಭಟ್ಟರು, ಬಸ್ಸಿನ ಟಿಕೆಟ್ಟು ಎಲ್ಲ ಸರಿಯಾಗಿ ನಡೆಯುವುದೂ ಅವಳಿಂದಲೇ. ಹರುಕೊ ಸುಗಿಮುರಾ ಮಾಡಿದ ಈ ಪಾತ್ರವನ್ನು ಎಷ್ಟು ಸಲ ನೋಡಿದರೂ ನನಗೆ ಸಿಟ್ಟು ಬರುವುದಿಲ್ಲ.

ಸುಗಿಮುರಾ ಅಂದಾಗ ‘ಅರ್ಲಿ ಸಮ್ಮರ್’ ಹೇಳಲೇಬೇಕು. 1951ರದ್ದು. ನೋರಿಕೊಗೆ 28 ವರ್ಷ. ಮನೆಯವರೆಲ್ಲ ಒಬ್ಬ ಅನುಕೂಲಸ್ಥ ವರನನ್ನು ಗೊತ್ತುಮಾಡುವ ಗಡಿಬಿಡಿಯಲ್ಲಿದ್ದಾರೆ. ಪಕ್ಕದ ಮನೆಯ ವಿಧುರ ಡಾಕ್ಟರಿಗೆ ದೂರದ ಅಕಿತಾಗೆ ವರ್ಗ ಆಗಿದೆ. ಅವನ ತಾಯಿ, ಅಂದರೆ ಸುಗಿಮುರಾ, ನೋರಿಕೊ ಮುಂದೆ, ನೀನು ನಮ್ಮನೆ ಸೊಸೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಸೆ ಅಂತ ಬಾಯಿತಪ್ಪಿ ಅಂದುಬಿಡುತ್ತಾಳೆ. ಅಂದಕೂಡಲೇ ಕ್ಷಮಿಸು, ಸುಮ್ನೆ ಕನಸು ಅಂತಾಳೆ. ನನ್ನಂಥ ವಯಸ್ಸು ಮೀರಿದವಳು ಆಗಬಹುದಾ ಅಂತ ನೋರಿಕೊ ತಣ್ಣಗೆ ಕೇಳುತ್ತಾಳೆ. ತಾಯಿಗೆ ಕಿವಿ ನಂಬಲಾಗುವುದಿಲ್ಲ. ನಿಜವಾ, ನಿಜವಾ ಅಂತ ಮತ್ತೆ ಮತ್ತೆ ಕೇಳಿ, ಅತ್ತು, ಏನು ಮಾಡಬೇಕೋ ತೋಚದೆ ಕೊನೆಗೆ ಕೇಳುತ್ತಾಳೆ: ಬನ್ ತಿಂತೀಯಾ? ಒಳಗೆ ಸಿಹಿ ಹೂರಣ ಇರುವ ಬನ್ನು. ಮಗನ ಮದುವೆ ಗೊತ್ತಾದ ಗಳಿಗೆಯಲ್ಲಿ ಬನ್ನು! ಮಗನಿಗಿನ್ನೂ ವಿಷಯವೇ ಗೊತ್ತಿಲ್ಲ ಅನ್ನುವುದು ಬೇರೆ ಮಾತು.

ಮದುವೆ ಅಂದರೆ ಓಜು ಸಿನಿಮಾದಲ್ಲಿ ಇಷ್ಟೇ. ‘ಲೇಟ್ ಸ್ಪ್ರಿಂಗ್’ನಲ್ಲಿ ಮದುಮಗ ಥೇಟ್ ಹಾಲಿವುಡ್ ನಟ ಗ್ಯಾರಿ ಕೂಪರ್ ಅಂತ ಚರ್ಚೆ ನಡೆಯುತ್ತದೆ. ಅವನನ್ನು ಒಮ್ಮೆಯೂ ತೋರಿಸುವುದಿಲ್ಲ, ಮದುವೆಯನ್ನೂ ತೋರಿಸುವುದಿಲ್ಲ. ಮಗಳನ್ನು ಕಳಿಸಿಕೊಟ್ಟ ಅಪ್ಪ ಮನೆಗೆ ಬಂದು ಸೇಬು ಸುಲಿಯುತ್ತಾನೆ. ಅಲ್ಲಿ ಜೋರಾಗಿ ಅಳು ಅಂತ ಓಜು ಹೇಳಿದ್ದರಂತೆ. ಅದೊಂದು ನನ್ನಿಂದ ಆಗಲ್ಲ ಅಂದರಂತೆ ಅಪ್ಪನ ಪಾತ್ರದ ಚಿಶು ರ್ಯೂ. ಓಜು ಒತ್ತಾಯ ಮಾಡಲಿಲ್ಲ. ಒಳ್ಳೆಯದೇ ಆಯಿತು. ಇಷ್ಟು ಮದುವೆಗಳ ಮಾತುಕತೆ ಬರೆದ ಓಜು ಸ್ವತಃ ಮದುವೆ ಆಗಲಿಲ್ಲ. ಅಮ್ಮನ ಜೊತೆ ಬಾಳಿದರು. 1903ರ ಡಿಸೆಂಬರ್ 12ಕ್ಕೆ ಹುಟ್ಟಿ, 1963ರ ಡಿಸೆಂಬರ್ 12ಕ್ಕೆ, ಸರಿಯಾಗಿ 60 ತುಂಬಿದ ದಿನವೇ ತೀರಿಕೊಂಡರು.

ನಿರ್ದೇಶಕ ಮಿಕಿಯೊ ನರುಸೆ ಕೂಡ ಇದೇ ಕಾಲದವರು, ಇದೇ ಥರದ ಮನೆಗಳನ್ನು ತೋರಿಸಿದವರು. ಅವರ ಜನ ಹವಾ ಬಗ್ಗೆ ಮಾತಾಡುವುದು ಕಡಿಮೆ, ದುಡ್ಡು ಎಣಿಸುವುದು ಜಾಸ್ತಿ. ಬಾಡಿಗೆ, ಸಾಲ, ಅಕ್ಕಿ. ಓಜು ನೋಡಿ ಮನಸ್ಸು ತೀರಾ ಮೆತ್ತಗಾಗಿದೆ ಅನ್ನಿಸಿದಾಗ ನಾನು ನರುಸೆ ಹಾಕಿಕೊಳ್ಳುತ್ತೇನೆ.

ಓಜು ಅವರನ್ನು ಹೊರದೇಶದವರಿಗೆ ತೋರಿಸಲು ಜಪಾನಿನವರೇ ಬಹಳ ಕಾಲ ಹಿಂದೆಮುಂದೆ ನೋಡಿದರು. ಇದು ತೀರಾ ನಮ್ಮದು, ಬೇರೆಯವರಿಗೆ ಹತ್ತಲ್ಲ ಅಂತ ಅವರ ಲೆಕ್ಕ. ‘ಟೋಕಿಯೋ ಸ್ಟೋರಿ’ ನ್ಯೂಯಾರ್ಕಿನ ಥಿಯೇಟರಿಗೆ ಬಂದದ್ದು 1972ರಲ್ಲಿ. ನಮ್ಮ ಗಿರೀಶ್ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮೆಚ್ಚಿದ ನಿರ್ದೇಶಕರಲ್ಲಿ ಓಜು ಕೂಡ ಒಬ್ಬರು. ಹತ್ತಲ್ಲ ಅನ್ನುವ ಭಯ ಸುಳ್ಳು ಅನ್ನುವುದಕ್ಕೆ ಅಷ್ಟು ಸಾಕು.

ಹೊಸದಾಗಿ ನೋಡುವವರಿಗೆ ನಿಜವಾದ ಕಷ್ಟ ಬೇರೆ ಇದೆ. ನಟಿ ಸೆಟ್ಸುಕೊ ಹಾರಾ ಮೂರು ಸಿನಿಮಾದಲ್ಲೂ ನೋರಿಕೊ, ಆದರೆ ಮೂವರೂ ಬೇರೆ ನೋರಿಕೊ. ಚಿಶು ರ್ಯೂ ‘ಲೇಟ್ ಸ್ಪ್ರಿಂಗ್’ನಲ್ಲಿ ಅವಳ ಅಪ್ಪ, ‘ಅರ್ಲಿ ಸಮ್ಮರ್’ನಲ್ಲಿ ಅಣ್ಣ, ‘ಟೋಕಿಯೋ ಸ್ಟೋರಿ’ಯಲ್ಲಿ ಮಾವ. ಆಗ ಆತನಿಗೆ ಇನ್ನೂ 50 ತುಂಬಿರಲಿಲ್ಲ. ಸುಗಿಮುರಾ ಒಂದರಲ್ಲಿ ಸೋದರತ್ತೆ, ಒಂದರಲ್ಲಿ ಅತ್ತೆಯಾಗುವವಳು, ಒಂದರಲ್ಲಿ ನಾದಿನಿ. ಮೂರನ್ನೂ ಒಟ್ಟೊಟ್ಟಿಗೆ ನೋಡಿದರೆ ಯಾರು ಯಾರಿಗೆ ಏನಾಗಬೇಕು ಅಂತ ತಲೆ ಕಲಸಿಹೋಗುತ್ತದೆ. ಅದಕ್ಕೇ ‘ಗುಡ್ ಮಾರ್ನಿಂಗ್’ನಿಂದ ಶುರು ಮಾಡಿ ಅಂತ ಹೇಳುವುದು. ಅದರಲ್ಲೂ ರ್ಯೂ ಇದ್ದಾರೆ, ಸುಗಿಮುರಾ ಇದ್ದಾರೆ. ಪುಣ್ಯಕ್ಕೆ ಬರೀ ಅಕ್ಕಪಕ್ಕದ ಮನೆಯವರು.