ಮೂವರು ಡಿಫೆಂಡರ್‌ಗಳೆಂದರೆ ರಕ್ಷಣಾತ್ಮಕ ಆಟವಲ್ಲ

ರೊನಾಲ್ಡ್ ಕೂಮನ್ ಡಿಫೆಂಡರ್ ಆಗಿದ್ದರಿಂದಲೇ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್‌ನ ಕೋಚ್ ಆದಾಗ ಹಿಂದೆ ಮೂವರನ್ನು ನಿಲ್ಲಿಸಿದರು ಎಂಬ ಮಾತನ್ನು ಒಪ್ಪಲಾಗದು. ಆಟಗಾರನಾಗಿ 200ಕ್ಕೂ ಹೆಚ್ಚು ಗೋಲು ಹೊಡೆದವರು ಅವರು. ಆಗಿನ ಬಾರ್ಸಿಲೋನಾ ಕೋಚ್ ಕ್ರೈಫ್, ಕೂಮನ್‌ರನ್ನು ಹಿಂದೆ ನಿಲ್ಲಿಸಿದ್ದೇ ಅಲ್ಲಿಂದ ಅಂಚಿನಲ್ಲಿ ದಾಳಿ ಮಾಡುವ ವಿಂಗರ್ ಕಾಲಿಗೆ ಉದ್ದನೆಯ ಓರೆ ಪಾಸ್ ಕೊಡಿಸಲು. 2021ರಲ್ಲಿ ಕೂಮನ್ ಮಾಡಿದ್ದೂ ಅದನ್ನೇ. ಮಿಡ್‌ಫೀಲ್ಡರ್ ಡಿ ಯಾಂಗ್‌ರನ್ನೇ ಕೆಲವು ಪಂದ್ಯಗಳಲ್ಲಿ ಆ ಮೂವರಲ್ಲಿ ನಡುವಿನವರಾಗಿ ಇಳಿಸಿದರು, ಚೆಂಡು ಹಿಂದಿನಿಂದಲೇ ಚೊಕ್ಕವಾಗಿ ಹೊರಡಲೆಂದು. ಆ ವರ್ಷ ಸ್ಪೇನ್‌ನ ಕಪ್ ಟೂರ್ನಿ ಕೋಪಾ ಡೆಲ್ ರೇ ಕೂಡ ಬಂತಲ್ಲ!

ಎಡವಿದ್ದು ಬೇರೆ ಕಡೆ. ಎರಡೂ ಅಂಚುಗಳಲ್ಲಿ ಹಿಂದೆ-ಮುಂದೆ ಓಡುವ ವಿಂಗ್‌ಬ್ಯಾಕ್‌ಗಳು ಮೇಲೇರಿದಾಗ ಚೆಂಡು ಕೈತಪ್ಪಿದರೆ ಹಿಂದಿನ ಮೂವರಲ್ಲಿ ಅಂಚಿನ ಡಿಫೆಂಡರ್ ಪಕ್ಕದ ಜಾಗ ಪೂರ್ತಿ ಖಾಲಿ. ಮುಂದಿನವರು ತಕ್ಷಣ ಒತ್ತಡ ಹಾಕದಿದ್ದರೆ ಎದುರಾಳಿ ನೇರ ಅಲ್ಲಿಗೇ ನುಗ್ಗುತ್ತಾನೆ. ಅದೇ 2021ರ ಸೆಪ್ಟೆಂಬರ್‌ನಲ್ಲಿ ಬಯರ್ನ್ ಮತ್ತು ಬೆನ್ಫಿಕಾ ಕ್ಲಬ್‌ಗಳ ಎದುರು 0-3, 0-3 ಸೋತ ಪಂದ್ಯಗಳನ್ನು ಇನ್ನೊಮ್ಮೆ ನೋಡಿ.