ಫೋನ್ ರಿಂಗಾಯಿತು ಅಂದರೆ ಬದುಕಿದ್ದರು ಅಂತಲ್ಲ

ಕುಂಬಳೆ, ಉಪ್ಪಳ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಹಳೇ ಫಾರ್ವರ್ಡ್ ಓಡಾಡುತ್ತಿದೆ: ‘ಕಾಣೆಯಾದ ಮಲೇಷ್ಯಾ ವಿಮಾನದವರ ಫೋನ್ ದಿನಗಟ್ಟಲೆ ರಿಂಗ್ ಆಗುತ್ತಿತ್ತು. ಎಲ್ಲರೂ ಬದುಕಿದ್ದರು, ಸರ್ಕಾರ ಮುಚ್ಚಿಟ್ಟಿತು.’ ಗಲ್ಫಿಗೆ ಹೋಗಿಬರುವವರೇ ಜಾಸ್ತಿ ಇರುವ ಊರು ನಮ್ಮದು. ಓದಿದವರ ಎದೆ ಧಸಕ್ಕೆನ್ನುವುದು ಸಹಜ.

2014ರ ಮಾರ್ಚ್ 8ರಂದು ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟ ಎಂಎಚ್370ರಲ್ಲಿ 239 ಜನರಿದ್ದರು. ಕರೆ ಮಾಡಿದ ಕೆಲವು ಮನೆಯವರಿಗೆ ರಿಂಗ್ ಕೇಳಿಸಿದ್ದು ನಿಜ. ಆದರೆ ನಮ್ಮ ಕಿವಿಗೆ ಬೀಳುವ ಆ ಸದ್ದು ಆಚೆಯ ಫೋನಿನದಲ್ಲ, ನೆಟ್‌ವರ್ಕಿನದು. ಫೋನ್ ಎಲ್ಲಿದೆ ಅಂತ ಹುಡುಕುತ್ತಿರುವಾಗಲೂ ಅದು ಕೇಳಿಸಬಹುದು.

ಹಾಗಂತ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಮೊದಲು ಹುಡುಕಿದ್ದು ದಕ್ಷಿಣ ಚೀನಾ ಸಮುದ್ರದಲ್ಲಿ. ವಿಮಾನ ಪಶ್ಚಿಮಕ್ಕೆ ತಿರುಗಿದ್ದು ಸೇನೆಯ ರೇಡಾರಿನಲ್ಲಿತ್ತು; ಅದನ್ನು ಖಚಿತವಾಗಿ ಹೇಳಲು ಒಂದು ವಾರ ಹಿಡಿಯಿತು. ಕಾಕ್‌ಪಿಟ್ಟಿನ ಕೊನೆಯ ಮಾತು ‘ಆಲ್ ರೈಟ್, ಗುಡ್ ನೈಟ್’ ಎಂದಿದ್ದ ಮಲೇಷ್ಯಾ ಅಧಿಕಾರಿಗಳು, ಮಾರ್ಚ್ ಕೊನೆಗೆ ‘ಗುಡ್ ನೈಟ್ ಮಲೇಷಿಯನ್ ತ್ರೀ ಸೆವೆನ್ ಜೀರೋ’ ಅಂತ ತಿದ್ದಿದರು. ಇಷ್ಟು ಸಣ್ಣದರಲ್ಲೂ ಎಡವಿದರೆ ಯಾರು ನಂಬುತ್ತಾರೆ, ಅಲ್ವಾ?

ಆದರೆ ಗೊಂದಲ ಬೇರೆ, ಬದುಕಿದ್ದರು ಅನ್ನುವುದು ಬೇರೆ. 2015ರ ಜುಲೈನಲ್ಲಿ ಹಿಂದೂ ಮಹಾಸಾಗರದಲ್ಲಿರುವ, ಫ್ರಾನ್ಸಿಗೆ ಸೇರಿದ ರೀಯೂನಿಯನ್ ದ್ವೀಪದ ದಡದಲ್ಲಿ ರೆಕ್ಕೆಯ ತುಂಡೊಂದು ಸಿಕ್ಕಿತು. ಒಳಗಿದ್ದ ನಂಬರ್ ನೋಡಿ, ಅದು ಇದೇ ವಿಮಾನದ್ದು ಎಂದು ಫ್ರಾನ್ಸ್ ಖಚಿತಪಡಿಸಿತು.