ಆಶಾ ಕಾರ್ಯಕರ್ತೆಯ ಫೋನಿಗೆ ಕನ್ನಡದ ಪಾಠ ಬರಲಿ

ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಫೋನ್ ಕೈಗಿತ್ತರು. "ಅಣ್ಣಾ, ಇದನ್ನೊಮ್ಮೆ ಓದಿ ಹೇಳ್ತೀರಾ? ಕೇಳಿದ್ರೆ ಅರ್ಥ ಆಗ್ತದೆ, ಮಲಯಾಳ ಅಕ್ಷರ ಬರುವುದಿಲ್ಲ." ಡೆಂಗಿ ತಡೆಯುವ ಬಗ್ಗೆ ಆನ್‌ಲೈನ್ ತರಬೇತಿ. ವೀಡಿಯೊ ಮಲಯಾಳದಲ್ಲಿ, ಕೊನೆಯ ಪ್ರಶ್ನೆಗಳೂ ಮಲಯಾಳದಲ್ಲಿ. ನಾನು ಓದಿದೆ, ಅವರು ಉತ್ತರ ಒತ್ತಿದರು. ಹತ್ತು ನಿಮಿಷದಲ್ಲಿ ಮುಗಿಯಿತು. ಮರುದಿನ ಅವರು ಅದೇ ವಿಷಯವನ್ನು ಮನೆಮನೆಗೆ ಹೋಗಿ ಕನ್ನಡದಲ್ಲಿ, ತುಳುವಿನಲ್ಲಿ ಹೇಳಬೇಕಿತ್ತು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. 1956ರ ನವೆಂಬರ್ 1ರಿಂದ ಈ ನೆಲ ಕೇರಳದಲ್ಲಿದೆ. ತಂಗಿಯನ್ನು ಕೊಟ್ಟದ್ದು ಗಡಿಯಾಚೆ ಕರ್ನಾಟಕದ ವಿಟ್ಲದ ಕಡೆಗೆ. ಭಾವ ಅಲ್ಲಿ ಪಂಚಾಯತ್ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಸೇರಿದಾಗ ನಮ್ಮ ಮಾತು ಕೊನೆಗೆ ಬಂದು ನಿಲ್ಲುವುದು ಎರಡು ರಾಜ್ಯಗಳ ಪಂಚಾಯತುಗಳ ಮೇಲೆಯೇ.

ಕೇರಳದ ಒಂದು ದೊಡ್ಡ ಗುಣವನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಇಲ್ಲಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿದೆ. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಜನರೇ ಮಾಡುವ ಕ್ರಮ, ಶುರುವಾದಾಗಿನಿಂದ ಹಣವೂ ಜಾಸ್ತಿ ಕೆಳಗೆ ಬಂದಿದೆ. ಹಾಗಾಗಿ ಹೊಸದಾಗಿ ಗೆದ್ದ ಮೆಂಬರ್ ಆರೋಗ್ಯದ ಬಗ್ಗೆ ಕಲಿಯದೆ ಇದ್ದರೆ ಅದರ ಬಿಸಿ ನೇರವಾಗಿ ಊರಿಗೆ ತಟ್ಟುತ್ತದೆ. ತ್ರಿಶೂರಿನ ಕಿಲ ಸಂಸ್ಥೆ ಇಂಥವರಿಗಾಗಿಯೇ ತರಬೇತಿ ನಡೆಸುತ್ತದೆ. ಕಲಿತದ್ದು ಗ್ರಾಮಸಭೆಯಲ್ಲಿ ಚರ್ಚೆಗೂ ಬರುತ್ತದೆ.

ಕರ್ನಾಟಕದ ಬಲ ಬೇರೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೊಬೈಲ್ ಪಾಠಗಳು ಬರುವ ಎಷ್ಟೋ ಮೊದಲೇ ಉಪಗ್ರಹದ ಮೂಲಕ ಪಂಚಾಯತ್ ಸದಸ್ಯರಿಗೆ ಪಾಠ ಮಾಡಿತ್ತು. ತಾಲೂಕು ಕೇಂದ್ರದಲ್ಲಿ ಕೂತವರು ಮೈಸೂರಿನಲ್ಲಿದ್ದವರನ್ನು ಪ್ರಶ್ನೆ ಕೇಳಬಹುದಿತ್ತು, ಅದೂ ಕನ್ನಡದಲ್ಲಿ. ಈಗ ಭಾವನೂ ಫೋನಿನಲ್ಲೇ ಪಾಠ ಮುಗಿಸುತ್ತಾರೆ. ಪ್ರಮಾಣಪತ್ರ ಬರುತ್ತದೆ. "ಆಮೇಲೆ ಅದರ ಬಗ್ಗೆ ಯಾರೂ ಕೇಳುವುದಿಲ್ಲ" ಎಂಬುದು ಅವರ ಬೇಸರ. ನಮ್ಮಲ್ಲಿ ಕೇಳುವವರಿದ್ದಾರೆ, ಪಾಠ ನಮ್ಮ ಭಾಷೆಯಲ್ಲಿಲ್ಲ. ಅವರಲ್ಲಿ ಪಾಠ ಇದೆ, ಕೇಳುವವರಿಲ್ಲ.

ಇದನ್ನು ಬರೀ ಭಾಷೆಯ ಹಕ್ಕಿನ ಮಾತಾಗಿ ನಾನು ಹೇಳುತ್ತಿಲ್ಲ. ಹಕ್ಕು ಇದ್ದೇ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರಿಗೆ ಅವಕಾಶ ಕೊಟ್ಟಿದ್ದಾರೆ. ನನ್ನ ಚಿಂತೆ ಸೊಳ್ಳೆಯದು. ಆ ವೀಡಿಯೊದಲ್ಲಿ ಹಳೆ ಟಯರು, ಹೂಕುಂಡ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ತೋರಿಸಿದರು. ಒಳ್ಳೆಯದೇ. ಆದರೆ ನಮ್ಮ ಊರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ. ಒಂದು ಮಳೆ ಬಂದರೆ ಸಾಕು, ದೋಣಿಯ ಹಾಗೆ ನೀರು ತುಂಬಿಕೊಳ್ಳುತ್ತದೆ. ಹಾಲು ಹಿಡಿಯಲು ರಬ್ಬರ್ ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಲ್ಲೂ ಹಾಗೆಯೇ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರೈ ಡೇ ಮಾಡಿ ನೀರು ಚೆಲ್ಲಿ ಎನ್ನುತ್ತಾರೆ. ಆದರೆ ಹಾಳೆ ಕವುಚಿ ಹಾಕಿ, ಗೆರಟೆ ಬೋರಲು ಮಾಡಿ ಅಂತ ಪಾಠದಲ್ಲೇ ಹೇಳಿದರೆ ತೋಟದ ಕೆಲಸದವರಿಗೆ ತಕ್ಷಣ ತಲೆಗೆ ಹೋಗುತ್ತದೆ, ಅಲ್ವಾ?

ಇನ್ನೊಂದು ವಿಷಯ ಬರೆಯದೆ ಇರಲಾರೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಗ್ಗೆ ಈಗ ಪಂಚಾಯತ್ ಮಟ್ಟದಲ್ಲೂ ತರಬೇತಿ ಇದೆ. ಆರೋಗ್ಯ, ನೀರು, ಕೃಷಿ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಚಿತ್ರ ಬಿಡಿಸಿ ತೋರಿಸುತ್ತಾರೆ. ನಮ್ಮ ಎಣ್ಮಕಜೆ ಪಂಚಾಯತಿನ ಜನರಿಗೆ ಅದನ್ನು ಚಿತ್ರದಲ್ಲಿ ತೋರಿಸಬೇಕಾ? 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಗೇರಿನ ಕೀಟ ಸಾಯಲಿ ಎಂದು ಹಾಕಿದ ಮದ್ದು ಗುಡ್ಡೆಯಿಂದ ಇಳಿದು ತೋಡಿಗೆ, ಗುಡ್ಡೆ ಕೊರೆದು ನೀರು ತೆಗೆಯುವ ಸುರಂಗಗಳ ನೀರಿಗೆ ಸೇರಿತು. ಗಡಿಯಾಚೆ ಕೊಕ್ಕಡ, ಪಟ್ರಮೆಯಲ್ಲೂ ಇದೇ ಕತೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. ಹಾಸಿಗೆ ಹಿಡಿದ ಮಕ್ಕಳನ್ನು ಮೂವತ್ತು ವರ್ಷ ಎತ್ತಿ ಸಾಕಿದ ಅಮ್ಮಂದಿರು ಎರಡೂ ಕಡೆ ಇದ್ದಾರೆ. ಒಂದೇ ವಿಷ, ಒಂದೇ ಭಾಷೆ. ಅವರ ಮನೆಗೆ ಹೋಗುವ ಆರೋಗ್ಯ ಸಿಬ್ಬಂದಿಗೆ ಮಾತ್ರ ಎರಡು ಬೇರೆ ಬೇರೆ ಪಾಠ.

ಹಾಗಾಗಿ ನಾನು ಕೇಳುವುದು ಇಷ್ಟೇ. ಕರ್ನಾಟಕದಲ್ಲಿ ಕನ್ನಡದಲ್ಲಿ ತಯಾರಾದ ಪಾಠಗಳನ್ನು ಕಾಸರಗೋಡು, ಮಂಜೇಶ್ವರ ತಾಲೂಕಿನ ಪಂಚಾಯತುಗಳಿಗೂ ಕೊಡಲಿ. ಕೇರಳದ ನಿಯಮ ಎಲ್ಲಿ ಬೇರೆಯೋ ಅಲ್ಲಿ ಇಲ್ಲಿಯವರೇ ತಿದ್ದಲಿ. ಪರೀಕ್ಷೆ ಬರೆಯುವವರು ಕನ್ನಡ ಅಥವಾ ಮಲಯಾಳ ಆರಿಸಿಕೊಳ್ಳಲಿ. ಆಚೆ ಕಡೆಯವರು ನಮ್ಮಿಂದ ಒಂದು ಕಲಿಯಲಿ: ತರಬೇತಿ ಮುಗಿಸಿದವರು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಏನು ಕಲಿತೆವು, ಈ ಊರಿನಲ್ಲಿ ಏನು ಮಾಡುತ್ತೇವೆ ಅಂತ ಹೇಳಬೇಕು.

ಎಲ್ಲ ಒಟ್ಟಿಗೆ ಆಗುವುದು ಕಷ್ಟ ಎಂದು ಗೊತ್ತು. ಮೊದಲು ಹಾಳೆ, ಗೆರಟೆಯ ಒಂದು ಪಾಠ ಮೇ ತಿಂಗಳೊಳಗೆ ಕನ್ನಡದಲ್ಲಿ ಬರಲಿ. ವೀಡಿಯೊ ಮಾಡಲು ನಮ್ಮ ತೋಟ ಇದೆ. ಕನ್ನಡ ಮಾತನ್ನು ನಾನು ಓದುತ್ತೇನೆ, ತುಳುವಿನಲ್ಲಿ ಹೇಳಲು ಆ ಆಶಾ ಕಾರ್ಯಕರ್ತೆ ಒಪ್ಪಿದ್ದಾರೆ.